ನಾಲ್ಕು ವರ್ಷದ ಕುದುರೆ ಮಾತು ಕೇಳ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು ಸುತ್ತಮುತ್ತ ಸ್ವಂತ ಕುದುರೆ ಸಾಕುವವರಿದ್ದಾರೆ. ಕೆಲವರದು ರೇಸ್ ಬಿಟ್ಟ ಥರೋಬ್ರೆಡ್ ತಳಿ. ಕೆಲವರದು ಲಾರಿಯಲ್ಲಿ ಬಂದಿಳಿದ ಮಾರ್ವಾಡಿ, ಕಾಠಿಯಾವಾಡಿ ತಳಿಯ ಕುದುರೆ. ಮೂರರಿಂದ ಆರು ವರ್ಷದೊಳಗಿನ ಕುದುರೆ ಇರುವವರು ಕೇಳುವುದೆಲ್ಲ ಹೆಚ್ಚುಕಡಿಮೆ ಒಂದೇ ಥರ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಈ ವಯಸ್ಸಿನ ಕುದುರೆ ಹಠ ಮಾಡಿದರೆ ಮೊದಲು ಅದರ ಮೈ ನೋಡಿ, ಆಮೇಲೆ ನಿಮ್ಮ ಪಾಠ ನೋಡಿ. ಅದರ ಬುದ್ಧಿಯನ್ನು ಬಯ್ಯುವುದು ಕಡೆಗಿರಲಿ.

ಮೂರು ವರ್ಷಕ್ಕೆ ಹೇಳಿದ ಹಾಗೆ ಕೇಳುತ್ತಿತ್ತು. ನಾಲ್ಕು ತುಂಬಿದ ಮೇಲೆ ಬೇರೆ ಕುದುರೆಯೇ ಆಗಿಬಿಟ್ಟಿದೆ. ಯಾಕೆ?

ಮೂರು ವರ್ಷದ ಕುದುರೆಗೆ ನೀವು ಕೇಳಿದ್ದು ತೀರಾ ಕಡಿಮೆ. ನಡಿ, ನಿಲ್ಲು, ಸ್ವಲ್ಪ ಓಡು. ಅದಕ್ಕೆ ಎದುರಾಡುವಷ್ಟು ಬಲವೂ ಇರಲಿಲ್ಲ, ಎದುರಾಡಬಹುದು ಅಂತ ಗೊತ್ತೂ ಇರಲಿಲ್ಲ. ನಾಲ್ಕಕ್ಕೆ ಬಂದಾಗ ‘ಇದಕ್ಕೆ ಎಲ್ಲ ಬರುತ್ತೆ’ ಅಂದುಕೊಂಡು ನಾವು ಒಂದೇ ಸಲ ಕೆಲಸ ಹೆಚ್ಚಿಸುತ್ತೇವೆ. ಸಣ್ಣ ವೃತ್ತದಲ್ಲಿ ಓಡು, ಒಬ್ಬನೇ ಹೊರಗೆ ಬಾ, ತಲೆ ಬಗ್ಗಿಸು. ಅದೇ ಹೊತ್ತಿಗೆ ಮೈಯೂ ಬೆಳೆಯುತ್ತಿರುತ್ತದೆ. ಎಷ್ಟೋ ಕುದುರೆಗಳಲ್ಲಿ ಹಿಂಭಾಗ ಮೊದಲು ಎತ್ತರವಾಗುತ್ತದೆ, ಮುಂಭಾಗ ಆಮೇಲೆ. ಆ ತಿಂಗಳುಗಳಲ್ಲಿ ತನ್ನ ಮೈಯನ್ನೇ ಸರಿತೂಗಿಸಿಕೊಳ್ಳುವುದು ಅದಕ್ಕೆ ಕಷ್ಟ. ಮೇಲೆ ನಾವು ಬೇರೆ ಕೂತಿರುತ್ತೇವೆ.

ಮೂಳೆಯ ವಿಷಯ ಇನ್ನೂ ಮುಖ್ಯ. ಕಾಲಿನ ಉದ್ದ ಮೂಳೆಗಳ ಬೆಳವಣಿಗೆ ಎರಡು, ಎರಡೂವರೆ ವರ್ಷದ ಹೊತ್ತಿಗೆ ಬಹುಪಾಲು ಮುಗಿಯುತ್ತದೆ. ಬೆನ್ನುಮೂಳೆ ಹಾಗಲ್ಲ. ಅದು ಪೂರ್ತಿ ಗಟ್ಟಿಯಾಗಲು ಐದೂವರೆ, ಆರು ವರ್ಷ ಬೇಕು. ನಾವು ಜೀನು ಹಾಕುವುದು ಬೆನ್ನಿನ ಮೇಲೇ ಅಲ್ವಾ?

ಈ ಕಾಟ ಎಷ್ಟು ಕಾಲ ಇರುತ್ತದೆ?

ಮೂರೂವರೆಯಿಂದ ಆರರವರೆಗೆ ಬಂದು ಹೋಗಿ ಮಾಡುತ್ತದೆ. ಎರಡು ತಿಂಗಳು ಚೆನ್ನಾಗಿರುತ್ತದೆ, ಮತ್ತೆ ಮೂರು ವಾರ ಯಾರ ಮಾತೂ ಬೇಡ. ಇದಕ್ಕೆ ಕ್ಯಾಲೆಂಡರ್ ಇಲ್ಲ.

ಅವಸರ ಮಾಡಬೇಡಿ ಅಂದರೆ ಕೆಲವರಿಗೆ ಬೇಸರವಾಗುತ್ತದೆ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ಗೆ ಲಿಪಿಝಾನರ್ ತಳಿಯ ಗಂಡುಕುದುರೆಗಳು ಬರುವುದೇ ನಾಲ್ಕರ ಆಸುಪಾಸಿನಲ್ಲಿ. ಮೊದಲ ವರ್ಷದ ಪಾಠ ಮುಖ್ಯವಾಗಿ ನೇರ ಗೆರೆಯಲ್ಲಿ, ಸಲೀಸಾಗಿ ಮುಂದಕ್ಕೆ ನಡೆಯುವುದು. ಪೂರ್ತಿ ತಯಾರಾಗಲು ಸುಮಾರು ಆರು ವರ್ಷ ಹಿಡಿಯುತ್ತದೆ. ನಮ್ಮಲ್ಲಿ ‘ಮೂರು ತಿಂಗಳಲ್ಲಿ ರೆಡಿ ಮಾಡಿಕೊಡಿ’ ಅಂತ ಬಿಟ್ಟು ಹೋಗುತ್ತಾರೆ. ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದಾಗ ಅವರ ಕುದುರೆ ಸೀನ್ಯೋರ್ ಮೆಡಿಕಾಟ್‌ಗೆ 12 ವರ್ಷ. ಅದೇ ಕುದುರೆ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೂ ಹೋಯಿತು. ನಾಲ್ಕಕ್ಕೆ ಮುಗಿಸಲೇಬೇಕಾದ ಕೆಲಸ ಯಾವುದೂ ಇಲ್ಲ.

ಇದು ಹಠವೋ ನೋವೋ? ಹೇಗೆ ಗೊತ್ತಾಗುತ್ತದೆ?

ನೂರಕ್ಕೆ ನೂರು ಗೊತ್ತಾಗುವ ದಾರಿ ಇಲ್ಲ. ಆದರೆ ಕೆಲವು ಸುಳಿವುಗಳಿವೆ. ಬಲಕ್ಕೆ ತಿರುಗುವಾಗ ಮಾತ್ರ ತಕರಾರು, ಎಡಕ್ಕೆ ಸರಿ. ಸವಾರ ಹತ್ತಿದರೆ ಮಾತ್ರ ಒದೆತ, ಇಲ್ಲದಿದ್ದರೆ ಆರಾಮ. ನಡಿಗೆಯಲ್ಲಿ, ಟ್ರಾಟ್ ಅನ್ನುವ ಮೆಲ್ಲೋಟದಲ್ಲಿ ಏನೂ ಇಲ್ಲ, ಅದಕ್ಕಿಂತ ಜೋರಿನ ಕ್ಯಾಂಟರ್ ಓಟಕ್ಕೆ ಹೋಗುವಾಗ ಬೆನ್ನು ಬಿಲ್ಲಾಗುತ್ತದೆ. ಇಂಥವೆಲ್ಲ ಮೈಯ ಕಡೆ ಬೆರಳು ತೋರಿಸುತ್ತವೆ. ಒಂದೇ ಜಾಗದಲ್ಲಿ, ಉದಾಹರಣೆಗೆ ಗೇಟಿನ ಹತ್ತಿರ ಮಾತ್ರ ನಿಂತುಬಿಡುತ್ತದೆ ಅಂದರೆ ಭಯವೋ ಅಭ್ಯಾಸವೋ ಇರಬಹುದು. ಒಂದೇ ವಾರದಲ್ಲಿ ಸ್ವಭಾವ ತಲೆಕೆಳಗಾದರೆ ಟ್ರೈನರ್‌ಗಿಂತ ಮೊದಲು ಪಶುವೈದ್ಯರನ್ನು ಕರೆಸಿ.

ಗರ್ತ್, ಅಂದರೆ ಜೀನನ್ನು ಹೊಟ್ಟೆಯ ಕೆಳಗಿಂದ ಕಟ್ಟುವ ಪಟ್ಟಿ, ಬಿಗಿಯುವಾಗ ಕಿವಿ ಹಿಂದಕ್ಕೆ ಒರಗಿಸಿ ಕಚ್ಚಲು ಬರುತ್ತದಾ? ಅದನ್ನು ‘ಸ್ವಲ್ಪ ಕೋಪಿಷ್ಠ’ ಅಂತ ತಳ್ಳಿಹಾಕಬೇಡಿ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ದಿನವಿಡೀ ಒಸರುತ್ತಲೇ ಇರುತ್ತದೆ, ಮೇವಿದ್ದರೂ ಇಲ್ಲದಿದ್ದರೂ. ಅದನ್ನು ತಣಿಸುವ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಬೆಳಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ತಿಂಡಿ ಇಟ್ಟು ನಡುವೆ ಖಾಲಿ ಬಿಟ್ಟರೆ ಹೊಟ್ಟೆಯ ಒಳಗೋಡೆ ಹುಣ್ಣಾಗಬಹುದು. ಲಾಯದಲ್ಲೇ ಇರುವ ಕುದುರೆಗಳಲ್ಲಿ ಇದು ತೀರಾ ಸಾಮಾನ್ಯ. ಎಂಡೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ಕೊಳವೆ, ಹಾಕಿ ನೋಡಿದರೆ ಖಚಿತವಾಗುತ್ತದೆ. ಮನುಷ್ಯರ ಗ್ಯಾಸ್ ಮಾತ್ರೆಯನ್ನು ಅಂದಾಜಿನ ಮೇಲೆ ಕೊಡಬೇಡಿ.

ಬಾಯಿ ಮುಟ್ಟಿಸಿಕೊಳ್ಳುತ್ತಿಲ್ಲ, ತಲೆ ಎಸೆಯುತ್ತಿದೆ. ಹಲ್ಲಿನ ತೊಂದರೆ ಇರಬಹುದಾ?

ಇರಬಹುದು ಏನು, ಈ ವಯಸ್ಸಿನಲ್ಲಿ ನಾನು ಮೊದಲು ನೋಡುವುದೇ ಅದನ್ನು. ಎರಡೂವರೆಯಿಂದ ಐದು ವರ್ಷದೊಳಗೆ ಕುದುರೆಯ 24 ಹಾಲುಹಲ್ಲು ಬಿದ್ದು ಹೊಸವು ಬರುತ್ತವೆ. ಮುಂದಿನ ನಡು ಜೋಡಿ ಎರಡೂವರೆಗೆ, ಅದರ ಪಕ್ಕದವು ಮೂರೂವರೆಗೆ, ಕೊನೆಯವು ನಾಲ್ಕೂವರೆಗೆ. ಅದೇ ಕಾಲದಲ್ಲಿ ಒಳಗೆ ದವಡೆ ಹಲ್ಲುಗಳೂ ಬದಲಾಗುತ್ತಿರುತ್ತವೆ, ಸುಮಾರು ಎರಡೂವರೆ, ಮೂರು, ನಾಲ್ಕು ವರ್ಷಕ್ಕೆ. ಗಂಡು ಕುದುರೆಗೆ ನಾಲ್ಕೈದು ವರ್ಷದ ಹೊತ್ತಿಗೆ ಕೋರೆಹಲ್ಲು ಬೇರೆ ಮೂಡುತ್ತದೆ. ಅಂದರೆ ನೀವು ಕಡಿವಾಣ ಹಾಕಿ ಪಾಠ ಹೇಳುವ ಕಾಲವೂ ಬಾಯಿ ಹುಣ್ಣಾಗಿರುವ ಕಾಲವೂ ಒಂದೇ.

ಕೆಲವು ಸಲ ಹಾಲುಹಲ್ಲು ಪೂರ್ತಿ ಬೀಳದೆ ಹೊಸ ಹಲ್ಲಿನ ಮೇಲೆ ಟೋಪಿ ಇಟ್ಟ ಹಾಗೆ ಕೂತಿರುತ್ತದೆ. ಆಗ ಮೇವು ಅರ್ಧ ಅಗಿದು ಉಗಿಯುತ್ತದೆ, ತಲೆ ಒಂದು ಕಡೆ ವಾಲಿಸುತ್ತದೆ. ಕೆಳದವಡೆಯ ಮೂಳೆಯಲ್ಲಿ ಉಬ್ಬುಗಳು ಕಾಣಬಹುದು. ಈ ವಯಸ್ಸಿಗೆ ಉಬ್ಬು ಮಾಮೂಲಿ, ಆದರೆ ಒತ್ತಿದರೆ ನೋವಾಗುತ್ತಿದ್ದರೆ ತೋರಿಸಿ. ಇನ್ನೊಂದಿದೆ, ವುಲ್ಫ್ ಟೀತ್ ಅನ್ನುವ ಸಣ್ಣ ಹಲ್ಲು. ಕಡಿವಾಣ ಕೂರುವ ಜಾಗದ ಪಕ್ಕದಲ್ಲೇ ಇರುವುದರಿಂದ ಅದನ್ನು ಕಡಿವಾಣ ಹಾಕುವ ಮೊದಲೇ ತೆಗೆಸಿಬಿಡುವುದು ರೂಢಿ.

ಐದು ತುಂಬುವವರೆಗೆ ಆರು ತಿಂಗಳಿಗೊಮ್ಮೆ ಬಾಯಿ ತೆರೆಸಿ ನೋಡಿಸಿ. ನೋವಿರುವ ವಾರಗಳಲ್ಲಿ ಹೆಡ್ ಕಾಲರ್‌ನಲ್ಲೇ, ಅಂದರೆ ಬಾಯಿಗೆ ಕಡಿವಾಣವಿಲ್ಲದ ತಲೆಪಟ್ಟಿಯಲ್ಲೇ, ಕೆಲಸ ಮಾಡಿ. ಪಾಠ ಎಲ್ಲಿಗೂ ಓಡಿಹೋಗುವುದಿಲ್ಲ.

ಜೀನು ಹೋದ ವರ್ಷವಷ್ಟೇ ಹೊಲಿಸಿದ್ದು. ಮತ್ತೆ ನೋಡಿಸಬೇಕಾ?

ಹೌದು. ಬೆಳೆಯುವ ಕುದುರೆಯ ಬೆನ್ನು ಮೂರ್ನಾಲ್ಕು ತಿಂಗಳಲ್ಲಿ ಬದಲಾಗುತ್ತದೆ. ಕೆಲಸ ಮಾಡಿ ಬಂದ ಮೇಲೆ ಬೆವರಿನ ಗುರುತು ನೋಡಿ. ಸುತ್ತ ಒದ್ದೆ, ನಡುವೆ ಒಂದು ಕಡೆ ಮಾತ್ರ ಒಣಗಿದ್ದರೆ ಅಲ್ಲಿ ಒತ್ತುತ್ತಿರಬಹುದು. ಭಾರದ ಲೆಕ್ಕವನ್ನೂ ಮರೆಯಬೇಡಿ. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ಮೀರಬಾರದು ಅನ್ನುವುದು ಬಲಿತ ಕುದುರೆಗೆ ಹೇಳುವ ಮಿತಿ. ಎಳೆಯದಕ್ಕೆ ಅದಕ್ಕಿಂತ ಕಡಿಮೆಯೇ ಇರಲಿ.

ಹುರುಳಿ, ಬೂಸಾ ಚೆನ್ನಾಗಿ ಕೊಡುತ್ತಿದ್ದೇವೆ. ಆದರೂ ಯಾಕೆ ಹೀಗೆ ಕುಣಿಯುತ್ತದೆ?

‘ಆದರೂ’ ಅಲ್ಲ, ಅದಕ್ಕೇ ಕುಣಿಯುತ್ತಿರಬಹುದು! ಹುರುಳಿ ಕುದುರೆಯ ತಿಂಡಿ ಅಂತ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಆದರೆ ಅದು ದಿನವಿಡೀ ದುಡಿಯುತ್ತಿದ್ದ ಜಟಕಾ ಕುದುರೆಯ, ಸೈನ್ಯದ ಕುದುರೆಯ ತಿಂಡಿ. ನಿಮ್ಮದು ದಿನಕ್ಕೆ ಅರ್ಧ ಗಂಟೆ ಕೆಲಸ ಮಾಡಿ ಮಿಕ್ಕ ಹೊತ್ತು ನಿಂತಿರುತ್ತದೆ. ಆ ಶಕ್ತಿಯೆಲ್ಲ ಎಲ್ಲಿಗೆ ಹೋಗಬೇಕು?

ಕುದುರೆಯ ಮುಖ್ಯ ಊಟ ಒಣಹುಲ್ಲು. ದಿನಕ್ಕೆ ಮೈತೂಕದ ಶೇಕಡ 1.5ರಿಂದ 2ರಷ್ಟು ಒಣಮೇವು ಬೇಕು. 400 ಕಿಲೋ ಕುದುರೆಗೆ 6ರಿಂದ 8 ಕಿಲೋ. ಅದನ್ನು ನಾಲ್ಕೈದು ಸಲ ಹಂಚಿ ಹಾಕಿ. ಸಣ್ಣ ಕಣ್ಣಿನ ಬಲೆಯಲ್ಲಿ ತೂಗುಹಾಕಿದರೆ ಇನ್ನೂ ನಿಧಾನವಾಗಿ ತಿನ್ನುತ್ತದೆ. ಕಾಳು ಕೆಲಸಕ್ಕೆ ತಕ್ಕಷ್ಟು. ರಜೆಯ ದಿನ ಕಾಳು ಕಡಿಮೆ ಮಾಡಿ.

ಇಲ್ಲಿ ನಮ್ಮ ಕಡೆಯದೇ ಒಂದು ತೊಂದರೆ ಇದೆ. ಗೋಧಿ ಬೂಸಾದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಹಸುವಿಗೆ ಬೆಳೆದ ನೇಪಿಯರ್ ಹುಲ್ಲನ್ನೇ ಕುದುರೆಗೂ ಹಾಕುತ್ತೇವೆ. ಅದರಲ್ಲಿರುವ ಆಕ್ಸಲೇಟ್ ಅನ್ನುವ ರಾಸಾಯನಿಕ, ಮೇವಿನಲ್ಲಿ ಇರುವಷ್ಟು ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಈ ಆಕ್ಸಲೇಟ್ ಅನ್ನು ಬಹುಮಟ್ಟಿಗೆ ಒಡೆದುಬಿಡುತ್ತವೆ, ಕುದುರೆಗೆ ಆ ಅನುಕೂಲ ಇಲ್ಲ. ಬೂಸಾ ಮತ್ತು ನೇಪಿಯರ್ ಎರಡೂ ಸೇರಿದರೆ ಬೆಳೆಯುವ ಕುದುರೆ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯಬೇಕಾಗುತ್ತದೆ. ಮೊದಲು ಕಾಣುವುದು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುವ ಕುಂಟು, ಬಿಗಿದ ನಡಿಗೆ, ಕೆಲಸಕ್ಕೆ ಒಲ್ಲೆ ಅನ್ನುವುದು. ಮುಖದ ಮೂಳೆ ಊದಿಕೊಳ್ಳುವುದು ಆಮೇಲಿನ ಮಾತು. ಸೋಮಾರಿ ಅಂತ ಬೈಸಿಕೊಳ್ಳುವ ಕೆಲವು ಕುದುರೆಗಳ ಕಥೆ ಇದು. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಕ್ಯಾಲ್ಸಿಯಂ ಚೆನ್ನಾಗಿರುವ ಮೇವು. ಎಷ್ಟು ಹಾಕಬೇಕು, ಖನಿಜದ ಪುಡಿ ಬೇಕಾ ಅಂತ ವೈದ್ಯರ ಹತ್ತಿರ ಲೆಕ್ಕ ಹಾಕಿಸಿ.

ಜಾಗ ಇಲ್ಲ. ದಿನವಿಡೀ ಲಾಯದಲ್ಲೇ ಇರುತ್ತದೆ. ಪರವಾಗಿಲ್ವಾ?

ಇಲ್ಲ. ಬಿಟ್ಟು ಅಡ್ಡಾಡಿಸಲು ಜಾಗ ಬೇಕೇ ಬೇಕು, ಜೊತೆಗೆ ಇನ್ನೊಂದು ಕುದುರೆಯೂ ಬೇಕು. ಎರಡು ಮೂರು ಗಂಟೆ ಸುಮ್ನೆ ಬಿಟ್ಟರೂ ಅರ್ಧ ತರಲೆ ಕಡಿಮೆಯಾಗುತ್ತದೆ. ಜಾಗವೇ ಇಲ್ಲದವರು ಎಳೆಯ ಕುದುರೆ ಕೊಳ್ಳಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಕೆಲವರಿಗೆ ಈ ಮಾತು ಹಿಡಿಸುವುದಿಲ್ಲ.

ಗೇಟಿನ ಹತ್ತಿರ ಬಂದರೆ ಕಾಲು ಊರಿ ನಿಂತುಬಿಡುತ್ತದೆ. ಎಷ್ಟು ಒದ್ದರೂ ಮುಂದೆ ಹೋಗುವುದಿಲ್ಲ.

ಒದೆಯುವುದು ನಿಲ್ಲಿಸಿ. ಕುದುರೆ ಕಲಿಯುವುದು ಒತ್ತಡ ಬಿಟ್ಟ ಗಳಿಗೆಯಿಂದ. ಕಾಲಿನಿಂದ ಒತ್ತುತ್ತೀರಿ, ಅದು ಒಂದು ಹೆಜ್ಜೆ ಇಡುತ್ತದೆ, ನೀವು ತಕ್ಷಣ ಕಾಲು ಸಡಿಲ ಬಿಡುತ್ತೀರಿ. ಆ ಸಡಿಲವೇ ಅದಕ್ಕೆ ಸಿಕ್ಕ ಉತ್ತರ. ಹೆಜ್ಜೆ ಇಟ್ಟ ಮೇಲೂ ಒದೆಯುತ್ತಲೇ ಇದ್ದರೆ ಒದೆತಕ್ಕೆ ಅರ್ಥವೇ ಉಳಿಯುವುದಿಲ್ಲ. ಕಡೆಗೆ ಅದು ಕಿವಿ ಮೇಲೆ ಹಾಕಿಕೊಳ್ಳುವುದನ್ನೇ ಬಿಡುತ್ತದೆ.

ಗೇಟಿನಿಂದ ಹಿಂದಕ್ಕೆ ಬನ್ನಿ. ಎಲ್ಲಿಯವರೆಗೆ ನೆಮ್ಮದಿಯಿಂದ ಬರುತ್ತದೆ ನೋಡಿ. ಗೇಟಿಗೆ ಹತ್ತು ಹೆಜ್ಜೆ ಮೊದಲೇ ಕತ್ತು ಬಿಗಿಯುತ್ತದಾ? ಹಾಗಾದರೆ ಗೇಟಿಗೆ ಹನ್ನೆರಡು ಹೆಜ್ಜೆ ಇರುವಾಗಲೇ ನಿಲ್ಲಿಸಿ, ಉಸಿರಾಡಲು ಬಿಟ್ಟು, ನೀವೇ ತಿರುಗಿಸಿಕೊಂಡು ವಾಪಸ್ ಬನ್ನಿ. ಅದು ತಿರುಗುವ ಮೊದಲು ನೀವು ತಿರುಗಿಸಬೇಕು. ಮರುದಿನ ಇನ್ನೊಂದೆರಡು ಹೆಜ್ಜೆ. ಹಳೆಯ, ನಿಧಾನಸ್ಥ ಕುದುರೆಯೊಂದು ಮುಂದೆ ನಡೆದರೆ ಕೆಲಸ ಬಲು ಸುಲಭ. ಅದೂ ಆಗದಿದ್ದರೆ ಕೆಳಗಿಳಿದು ಕೈಯಲ್ಲಿ ಹಿಡಿದು ನಡೆಸಿ. ಕುದುರೆಯ ಮೇಲಿಂದ ಇಳಿದರೆ ಸೋತ ಹಾಗೆ ಅನ್ನುವವರ ಮಾತು ಕೇಳಬೇಡಿ.

ಹಿಂದಿನಿಂದ ಎರಡು ಉದ್ದ ಲಗಾಮು ಹಿಡಿದು ನಡೆಸುವ ಪಾಠ ನಮ್ಮಲ್ಲಿ ಕಡಿಮೆ. ಇದು ಈ ವಯಸ್ಸಿಗೆ ಹೇಳಿ ಮಾಡಿಸಿದ ಪಾಠ. ಬೆನ್ನಿಗೆ ಭಾರವಿಲ್ಲ, ಮುಂದೆ ಯಾರೂ ಇಲ್ಲದೆ ತಾನೇ ದಾರಿ ನೋಡಿ ನಡೆಯುವ ಧೈರ್ಯ ಬರುತ್ತದೆ. ಲಂಜಿಂಗ್, ಅಂದರೆ ಉದ್ದ ಹಗ್ಗದಲ್ಲಿ ಹಿಡಿದು ಸುತ್ತ ಓಡಿಸುವುದು, ಬೇಡ ಅನ್ನುವುದಿಲ್ಲ. ಆದರೆ ದಣಿಸಲಿಕ್ಕೆ ಅಂತ ಅರ್ಧ ಗಂಟೆ ಗಿರಗಿರ ಓಡಿಸಿದರೆ ಕೀಲುಗಳು ಹಾಳಾಗುತ್ತವೆ, ಓಡುವ ಕಸುವು ಇನ್ನಷ್ಟು ಹೆಚ್ಚುತ್ತದೆ ಅಷ್ಟೇ. ಹತ್ತು ಹದಿನೈದು ನಿಮಿಷ, ದೊಡ್ಡ ವೃತ್ತ, ಎರಡೂ ದಿಕ್ಕಿಗೆ. ಸವಾರಿಯೂ ಇಪ್ಪತ್ತು ನಿಮಿಷ ಸಾಕು.

‘ಎರಡು ಬಾರಿಸಿ, ಯಾರು ಯಜಮಾನ ಅಂತ ತೋರಿಸಿ’ ಅನ್ನುತ್ತಾರಲ್ಲ?

ಹೆದರಿದ ಕುದುರೆಯ ತಲೆಗೆ ಪಾಠ ಹತ್ತುವುದಿಲ್ಲ. ಅದು ಓಡುವ ದಾರಿ ಹುಡುಕುತ್ತದೆ. ಪೆಟ್ಟು ಒಂದೆರಡು ಸೆಕೆಂಡ್ ತಡವಾದರೂ ಯಾವುದಕ್ಕೆ ಬಿತ್ತು ಅಂತ ಅದಕ್ಕೆ ತಿಳಿಯುವುದಿಲ್ಲ. ಐದು ನಿಮಿಷ ಬಿಟ್ಟು ಲಾಯಕ್ಕೆ ಕರೆತಂದು ಹೊಡೆಯುವವರಿದ್ದಾರೆ. ಅದರಿಂದ ಕುದುರೆ ಕಲಿಯುವುದು ಒಂದೇ: ಲಾಯಕ್ಕೆ ಮನುಷ್ಯ ಬಂದರೆ ಅಪಾಯ.

ಕಡಿವಾಣ ಬಿಗಿ ಮಾಡುವುದೂ ಇದೇ ಜಾತಿಯ ಉಪಾಯ. ಮುಳ್ಳು ಕಡಿವಾಣವಂತೂ ಕಾನೂನಿಗೇ ವಿರುದ್ಧ. 1965ರ ಕೇಂದ್ರದ ನಿಯಮಗಳಲ್ಲೇ ಅದಕ್ಕೆ ನಿಷೇಧ ಇದೆ. ಆದರೂ ಜಾತ್ರೆ ಅಂಗಡಿಗಳಲ್ಲಿ ರಾಜಾರೋಷವಾಗಿ ತೂಗುತ್ತಿರುತ್ತದೆ.

ಕಚ್ಚುತ್ತದೆ, ಮೈಮೇಲೆ ನುಗ್ಗುತ್ತದೆ. ಚಿಕ್ಕದಿದ್ದಾಗ ಮುದ್ದಾಗಿತ್ತು.

ಬೆಲ್ಲ, ಕ್ಯಾರೆಟ್ ಕೈಯಲ್ಲಿ ಕೊಡುವುದು ಇವತ್ತೇ ನಿಲ್ಲಿಸಿ, ಬಕೆಟ್‌ಗೆ ಹಾಕಿ. ಮೂತಿಗೆ ಹೊಡೆದರೆ ಅದು ಹೊಡೆದಾಟದ ಆಟವಾಗುತ್ತದೆ. ಅದರ ಬದಲು ಪ್ರತಿ ಸಲ ನಿಮ್ಮ ಜಾಗದೊಳಗೆ ಬಂದಾಗ ಎರಡು ಹೆಜ್ಜೆ ಹಿಂದಕ್ಕೆ ಸರಿಸಿ, ಸರಿದ ಕೂಡಲೇ ಸುಮ್ಮನಾಗಿ. ಪ್ರತಿ ಸಲ ಅಂದರೆ ಪ್ರತಿ ಸಲ.

ಇಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಕೆಲಸದವರು, ಬಹಳ ಮುಖ್ಯ. ನೀವು ದಿನಕ್ಕೆ ಒಂದು ಗಂಟೆ ಬಂದು ಹೋಗುತ್ತೀರಿ, ಕುದುರೆಯ ಜೊತೆ ಉಳಿದ ಹೊತ್ತೆಲ್ಲ ಇರುವವರು ಅವರು. ನೀವು ಒಂದು ನಿಯಮ, ಅವರು ಇನ್ನೊಂದು ನಿಯಮ ಇಟ್ಟುಕೊಂಡರೆ ಕುದುರೆ ಗೊಂದಲಕ್ಕೆ ಬೀಳುತ್ತದೆ. ಅವರ ಜೊತೆ ಕೂತು ಮಾತಾಡಿ, ಸಂಬಳವನ್ನೂ ಸರಿಯಾಗಿ ಕೊಡಿ. ಒಳ್ಳೆ ಸೈಸ್ ಕುದುರೆಯ ತೊಂದರೆಯನ್ನು ನಿಮಗಿಂತ ಮೊದಲೇ ಗಮನಿಸಿರುತ್ತಾರೆ. ನಾವು ಕೇಳಿರುವುದಿಲ್ಲ ಅಷ್ಟೇ.

ಪ್ಲಾಸ್ಟಿಕ್ ಚೀಲ, ಆಟೋ, ಕೊಡೆ, ಎಲ್ಲಕ್ಕೂ ಬೆಚ್ಚುತ್ತದೆ. ನಿನ್ನೆ ನೋಡಿದ್ದಕ್ಕೇ ಇವತ್ತು ಮತ್ತೆ ಹೆದರುತ್ತದೆ!

ಕುದುರೆಗೆ ಸುತ್ತ ಹೆಚ್ಚುಕಡಿಮೆ ಎಲ್ಲ ಕಡೆ ಕಾಣುತ್ತದೆ, ಹಣೆಯ ಮುಂದೆ ಸ್ವಲ್ಪ ಮತ್ತು ಬಾಲದ ಹಿಂದೆ ಬಿಟ್ಟು. ಬಲಗಣ್ಣಿನ ಪಕ್ಕ ಸರಿಯಿದ್ದ ಚೀಲ ವಾಪಸ್ ಬರುವಾಗ ಎಡಕ್ಕೆ ಬಂದರೆ ಹೊಸದಾಗಿ ಕಾಣಬಹುದು. ಅದಕ್ಕೇ ಎಲ್ಲವನ್ನೂ ಎರಡೂ ಕಡೆಯಿಂದ ತೋರಿಸಬೇಕು. ಬಿಸಿಲಿನಿಂದ ಕತ್ತಲ ಲಾಯಕ್ಕೆ ಹೋಗುವಾಗ ಹಿಂಜರಿದರೆ ಸ್ವಲ್ಪ ಕಾಯಿರಿ, ಅದರ ಕಣ್ಣು ಹೊಂದಿಕೊಳ್ಳಲು ನಮಗಿಂತ ಜಾಸ್ತಿ ಹೊತ್ತು ಬೇಕು.

ದೂರದಿಂದ ಶುರು ಮಾಡಿ, ನೋಡಲು ಬಿಡಿ, ತಲೆ ಇಳಿಸಿದರೆ ಹತ್ತಿರ ಹೋಗಿ. ಹೆದರುವ ವಸ್ತುವನ್ನು ಮೈಮೇಲೆ ಕಟ್ಟಿ ‘ಅಭ್ಯಾಸವಾಗಲಿ’ ಅಂತ ಬಿಡುವುದು ಅಪಾಯ. ದೀಪಾವಳಿಯ ದಿನಗಳಲ್ಲಿ ಸವಾರಿ ಬೇಡ. ಲಾಯದ ದೀಪ ಹಚ್ಚಿಟ್ಟು, ಹುಲ್ಲು ಧಾರಾಳವಾಗಿ ಹಾಕಿ, ಒಬ್ಬರು ಹತ್ತಿರ ಇರಿ.

ಗಂಡು ಕುದುರೆ. ಬೀಜ ತೆಗೆಸಬೇಕಾ?

ತಳಿಗೆ ಇಟ್ಟುಕೊಂಡಿಲ್ಲ ಅಂದರೆ ತೆಗೆಸಿ. ಎಳೆಯದಿದ್ದಾಗಲೇ ಮಾಡಿಸಿದರೆ ಇನ್ನೂ ಒಳ್ಳೆಯದು. ಹೆಣ್ಣು ಕುದುರೆ ಕಂಡು ಒಮ್ಮೆ ಕಲಿತ ವರ್ತನೆ ಆಪರೇಷನ್ ಆದ ಮೇಲೂ ಸ್ವಲ್ಪ ಉಳಿಯಬಹುದು. ಧನುರ್ವಾಯು ಲಸಿಕೆ ಆಗಿದೆಯಾ ಅಂತ ಮೊದಲೇ ನೋಡಿ. ಕುದುರೆಗಳಿಗೆ ಆ ರೋಗ ಬಹಳ ಬೇಗ ತಗಲುತ್ತದೆ. ಆಪರೇಷನ್ ಆದ ಮೇಲೆ ಕೆಲವು ವಾರ ಹೆಣ್ಣು ಕುದುರೆಗಳಿಂದ ದೂರ ಇಡಿ. ಸ್ವಭಾವ ಮೆತ್ತಗಾಗಲು ತಿಂಗಳುಗಳೇ ಹಿಡಿಯಬಹುದು.

ಹೆಣ್ಣು ಕುದುರೆ ಕೆಲವು ದಿನ ಮಾತ್ರ ಸಿಡಿಮಿಡಿ ಅನ್ನುತ್ತದೆ.

ಬೆದೆ ಇರಬಹುದು. ಸುಮಾರು 21 ದಿನಕ್ಕೊಮ್ಮೆ ಬಂದು ಐದಾರು ದಿನ ಇರುತ್ತದೆ. ಪುಸ್ತಕದಲ್ಲಿ ಬರೆದಿಡಿ. ದಿನಗಳು ತಾಳೆಯಾದರೆ ಆ ವಾರ ಹಗುರ ಕೆಲಸ ಕೊಡಿ. ತಾಳೆಯಾಗದಿದ್ದರೆ ಹಲ್ಲು, ಹೊಟ್ಟೆ, ಬೆನ್ನಿಗೆ ವಾಪಸ್ ಬನ್ನಿ.

ರೇಸ್‌ನಿಂದ ಬಂದ ನಾಲ್ಕು ವರ್ಷದ ಕುದುರೆ. ಎರಡು ವರ್ಷ ಓಡಿದೆ, ಇದಕ್ಕೂ ಇದೆಲ್ಲ ಅನ್ವಯಿಸುತ್ತದಾ?

ಜಾಸ್ತಿಯೇ ಅನ್ವಯಿಸುತ್ತದೆ. ರೇಸ್ ಕುದುರೆಗಳಿಗೆಲ್ಲ ಜನವರಿ 1ಕ್ಕೆ ಒಂದು ವರ್ಷ ಕೂಡುತ್ತದೆ, ಆದ್ದರಿಂದ ಕಾಗದದ ವಯಸ್ಸಿಗಿಂತ ನಿಜವಾದ ವಯಸ್ಸು ಕೆಲವು ತಿಂಗಳು ಕಡಿಮೆ ಇರಬಹುದು. ಅದಕ್ಕೆ ಓಟ ಗೊತ್ತು, ಮಿಕ್ಕಿದ್ದು ಗೊತ್ತಿಲ್ಲ. ಲಗಾಮು ಎಳೆದರೆ ಅದಕ್ಕೆ ಒರಗಿಕೊಂಡು ಇನ್ನೂ ಜೋರಾಗಿ ಓಡುವುದು ಅಲ್ಲಿಯ ಪಾಠ. ಹತ್ತುವಾಗ ನಿಲ್ಲುವುದನ್ನೂ ಯಾರೂ ಕಲಿಸಿರುವುದಿಲ್ಲ. ಮೊದಲ ಎರಡು ಮೂರು ತಿಂಗಳು ಹುಲ್ಲು, ಬಯಲು, ನಡಿಗೆ. ಕಾಳು ಮೆಲ್ಲಗೆ ಇಳಿಸಿ. ಆಮೇಲೆ ಮರಿಗೆ ಕಲಿಸುವ ಹಾಗೆ ಮೊದಲಿನಿಂದ ಶುರು ಮಾಡಿ.

ಮೇಳದಲ್ಲಿ ಕೊಂಡ ಮಾರ್ವಾಡಿ. ನಾಲ್ಕು ವರ್ಷ ಅಂದಿದ್ದರು. ನಂಬಬಹುದಾ?

ಬಾಯಿ ನೋಡಿ, ಮಾತು ನಂಬಬೇಡಿ. ನಮ್ಮ ರೈತರು ಹೋರಿ ಕೊಳ್ಳುವಾಗ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದೆ ಅಂತ ನೋಡುತ್ತಾರಲ್ಲ, ಕುದುರೆಗೂ ಅದೇ ಕ್ರಮ. ಮುಂದಿನ ನಡು ಜೋಡಿ ಮಾತ್ರ ಬದಲಾಗಿದ್ದರೆ ಅದಕ್ಕೆ ಮೂರರ ಆಸುಪಾಸು. ಪುಷ್ಕರದ ಮೇಳದಲ್ಲಾಗಲಿ ಸಾರಂಗಖೇಡದ ಮೇಳದಲ್ಲಾಗಲಿ ‘ನಾಲ್ಕು’ ಅಂತ ಕೊಂಡ ಮರಿಗೆ ಎರಡೂವರೆ ಇದ್ದರೆ ನೀವು ಹಠ ಅಂದುಕೊಂಡಿದ್ದು ಬರೀ ಎಳೆತನ. ಮೇಳದಲ್ಲಿ ಕುಣಿಸಲು, ರೇವಾಲ್ ಅನ್ನುವ ವಿಶೇಷ ನಡಿಗೆ ನಡೆಸಲು ಬಾಯಿಯ ಮೇಲೆ ಸಾಕಷ್ಟು ಜಗ್ಗಾಟ ಆಗಿರುವುದೂ ಉಂಟು. ನಾಲಿಗೆ, ತುಟಿಯ ಮೂಲೆ, ಗದ್ದದ ಕೆಳಗೆ ಗಾಯದ ಗುರುತು ಹುಡುಕಿ.

ಒಂದೆರಡು ತಿಂಗಳು ರಜೆ ಕೊಟ್ಟರೆ ಕಲಿತದ್ದೆಲ್ಲ ಮರೆತುಬಿಡುತ್ತದಾ?

ಇಲ್ಲ. ಕುದುರೆಯ ನೆನಪು ಗಟ್ಟಿ. ರಜೆಯಿಂದ ವಾಪಸ್ ಬಂದಾಗ ಮೊದಲಿಗಿಂತ ಚೆನ್ನಾಗಿ ಕೇಳುವ ಕುದುರೆಗಳೇ ಜಾಸ್ತಿ ಅನ್ನುವುದು ನನ್ನ ಅನುಭವ. ನಮ್ಮಲ್ಲಿ ಮಳೆಗಾಲ ಇದಕ್ಕೆ ಒಳ್ಳೆ ಸಮಯ, ಹೇಗೂ ನೆಲ ಜಾರುತ್ತದೆ. ಗೊರಸು ಮಾತ್ರ ದಿನಾ ಕೆರೆದು ಒಣಗಿಸಿ. ಕೆಸರಿನಲ್ಲಿ ನಿಂತರೆ ಗೊರಸಿನ ನಡುಭಾಗ ಕೊಳೆತು ವಾಸನೆ ಬರುತ್ತದೆ.

ನಿಜ ಹೇಳಬೇಕೆಂದರೆ, ಈಗ ಹತ್ತಲು ನನಗೇ ಭಯವಾಗುತ್ತಿದೆ.

ಹಾಗಾದರೆ ಹತ್ತಬೇಡಿ. ಬಿಗಿದು ಕೂತ ಸವಾರನ ಮೈಯನ್ನು ಕುದುರೆ ಓದುತ್ತದೆ. ಕೆಳಗಿನಿಂದ ಮಾಡುವ ಕೆಲಸ ಬೇಕಾದಷ್ಟಿದೆ. ಹತ್ತುವ ದಿನ ಸವಾರಿಯ ಹೆಲ್ಮೆಟ್ ಹಾಕಿ, ಬೈಕಿನದಲ್ಲ. ಒಮ್ಮೆ ಬಿದ್ದು ತಲೆ ತಾಗಿದ ಹೆಲ್ಮೆಟ್ ಮತ್ತೆ ಬಳಸಬೇಡಿ.

ಟ್ರೈನರ್ ಕೈಗೆ ಯಾವಾಗ ಕೊಡಬೇಕು?

ಹಿಂಗಾಲ ಮೇಲೆ ಎದ್ದು ನಿಲ್ಲುತ್ತಿದ್ದರೆ, ಹಿಡಿತ ತಪ್ಪಿ ಓಡುತ್ತಿದ್ದರೆ, ಮನುಷ್ಯರತ್ತ ಗುರಿಯಿಟ್ಟು ಒದೆಯುತ್ತಿದ್ದರೆ ಅವತ್ತೇ. ವೈದ್ಯರ ತಪಾಸಣೆ ಮುಗಿಸಿಯೇ ಕಳಿಸಿ. ಅವರ ಲಾಯಕ್ಕೆ ಹೇಳದೆ ಒಂದು ದಿನ ಹೋಗಿ. ಅಲ್ಲಿರುವ ಬೇರೆ ಕುದುರೆಗಳು ಅವರನ್ನು ಕಂಡು ಮುಂದೆ ಬರುತ್ತವಾ, ಮೂಲೆಗೆ ಸರಿಯುತ್ತವಾ ನೋಡಿ. ದಿನ ಲೆಕ್ಕ ಹಾಕಿ ಗ್ಯಾರಂಟಿ ಕೊಡುವವರನ್ನು ಬಿಟ್ಟುಬಿಡಿ. ಕಡೆಯ ಎರಡು ವಾರವಾದರೂ ನೀವೂ ಅಲ್ಲಿ ಹೋಗಿ ಸವಾರಿ ಮಾಡಿ, ಇಲ್ಲದಿದ್ದರೆ ಕುದುರೆ ಅವರ ಭಾಷೆ ಕಲಿತು ಬರುತ್ತದೆ, ನಿಮಗೆ ಆ ಭಾಷೆ ಬರುವುದಿಲ್ಲ.

ಮಾರಿಬಿಡಲೇ?

ಮಾರಬಹುದು, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ತರಲೆ ಮಾಡುವ ಕಾಲದಲ್ಲಿ ಮಾರಿದರೆ ಬೆಲೆಯೂ ಬರುವುದಿಲ್ಲ, ಒಳ್ಳೆ ಮನೆಯೂ ಸಿಗುವುದಿಲ್ಲ. ಇಂಥವು ಕೊನೆಗೆ ಮದುವೆ ಮೆರವಣಿಗೆಗೋ ಪ್ರವಾಸಿ ತಾಣದ ಬಾಡಿಗೆ ಸವಾರಿಗೋ ಹೋಗಿ ಸೇರುತ್ತವೆ. ಬೇರೆ ಲಾಯದಲ್ಲಿ ಕೆಲವು ತಿಂಗಳು ಬಿಟ್ಟು ನೋಡಿ. ಮಾರುವುದೇ ಆದರೆ ಏನೇನು ಮಾಡುತ್ತದೆ ಅಂತ ಕೊಳ್ಳುವವರಿಗೆ ಬಿಡಿಸಿ ಹೇಳಿ, ವಿಡಿಯೊ ತೋರಿಸಿ.

ಮಗಳಿಗೆ ಹತ್ತು ವರ್ಷ. ಇಬ್ಬರೂ ಜೊತೆಯಲ್ಲೇ ಕಲಿಯಲಿ ಅಂತ ಮರಿ ತಂದೆವು.

ಇದನ್ನು ಕೇಳಿದಾಗಲೆಲ್ಲ ನನಗೆ ತಲೆಬಿಸಿಯಾಗುತ್ತದೆ. ಮಗು ಕಲಿಯಬೇಕಾದದ್ದು ಹದಿನೈದು ದಾಟಿದ, ಎಲ್ಲ ಕಂಡ ಕುದುರೆಯ ಮೇಲೆ. ರೈಡಿಂಗ್ ಸ್ಕೂಲಿಗೆ ಸೇರಿಸಿ. ಮನೆಯ ಮರಿಯ ಮೈ ಉಜ್ಜುವುದು, ಬಾಚುವುದು ಮಗಳು ಮಾಡಲಿ, ಪಕ್ಕದಲ್ಲಿ ದೊಡ್ಡವರೊಬ್ಬರು ಹಗ್ಗ ಹಿಡಿದು ನಿಂತಿರಬೇಕು. ಗೊರಸು ಎತ್ತುವ ಕೆಲಸ ಸದ್ಯಕ್ಕೆ ಸೈಸ್‌ಗೇ ಬಿಡಿ.